ರಿಲಿಜನ್ ಎಂದರೆ ನಂಬಿಕೆಯೇ?

ರಿಲಿಜನ್ ಎಂದರೆ ಒಪ್ಪಬೇಕಾದ ಸಿದ್ಧಾಂತಗಳ ಕಂತೆ ಎಂದು ಇಂದು ಬಹಳ ಮಂದಿ ಭಾವಿಸುತ್ತಾರೆ. ಆ ಮಾತಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಲ್ಯಾಟಿನ್ನಿನ ರೆಲಿಗಿಯೊ ಶಬ್ದವನ್ನು ರೋಮನ್ ಚಿಂತಕ ಸಿಸೆರೊ, ಕ್ರಿ.ಪೂ. 45ರ ಸುಮಾರಿಗೆ, ಮತ್ತೆ ಮತ್ತೆ ಮನಸ್ಸಿಟ್ಟು ಪರಿಶೀಲಿಸುವುದು ಎಂಬರ್ಥದ ಕ್ರಿಯಾಪದದಿಂದ ಬಿಡಿಸಿದ. ದೇವತಾರಾಧನೆಯ ವಿಧಿಗಳಲ್ಲಿ ಎಚ್ಚರ ತಪ್ಪದಿರುವುದೇ ಅವನಿಗೆ ರೆಲಿಗಿಯೊ. ಮೂರು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಇದನ್ನು ಅಲ್ಲಗಳೆದು, ಮೂಲದಲ್ಲಿರುವುದು ಕಟ್ಟುವ ಕ್ರಿಯೆ, ಮನುಷ್ಯನನ್ನು ದೇವರಿಗೆ ಬಿಗಿಯುವ ಭಕ್ತಿಯ ನಂಟು ಎಂದ. ಈ ವಿವಾದ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಒಬ್ಬನಿಗೆ ಅದು ಶ್ರದ್ಧೆಯ ನಡೆ, ಇನ್ನೊಬ್ಬನಿಗೆ ಸಂಬಂಧ; ಇಬ್ಬರ ವಿವರಣೆಯಲ್ಲೂ ಅದು ಸಿದ್ಧಾಂತಗಳ ಕಂತೆಯಲ್ಲ. ಮಧ್ಯಯುಗದ ಇಂಗ್ಲಿಷಿನಲ್ಲಂತೂ ರಿಲಿಜನ್‌ಗೆ ಸೇರುವುದೆಂದರೆ ವ್ರತ ತೊಟ್ಟು ಮಠ ಸೇರುವುದು. ಪರಸ್ಪರ ಸ್ಪರ್ಧಿಸುವ ಮತಗಳ ಹೆಸರಾಗಿ ಅದು ಗಟ್ಟಿಯಾಗಿ ನೆಲೆಯೂರಿದ್ದು 16, 17ನೆಯ ಶತಮಾನಗಳ ಯೂರೋಪಿನ ಪಂಗಡ ಕಲಹಗಳ ನಡುವೆ.

ಮಾತಿನ ಬೇರು ಅದರ ಇಂದಿನ ಅರ್ಥವನ್ನು ನಿರ್ಧರಿಸದು ಎಂಬ ಆಕ್ಷೇಪ ನ್ಯಾಯವಾದದ್ದೇ. ನನ್ನ ವಾದ ಬೇರನ್ನಲ್ಲ, ಶತಮಾನಗಳ ಬಳಕೆಯನ್ನು ಆಧರಿಸಿದೆ. ಕ್ರಿ.ಶ. 325ರಲ್ಲಿ ಕ್ರೈಸ್ತ ಬಿಷಪ್‌ಗಳು ಸೇರಿದ್ದ ನೈಸಿಯಾ ಸಭೆ ನಂಬಿಕೆಯನ್ನೇ ಸೂತ್ರೀಕರಿಸಲಿಲ್ಲವೇ ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ಸೂತ್ರೀಕರಿಸಿತು, ನಿಜ, ಆದರೆ ಅಂಥ ವಿಶ್ವಾಸವಚನಗಳನ್ನು ಜ್ಞಾನಸ್ನಾನದಲ್ಲಿ, ಆರಾಧನೆಯಲ್ಲಿ ಬಾಯ್ತುಂಬ ಒಪ್ಪಿಸುತ್ತಿದ್ದರು. ಅಲ್ಲಿ ನಂಬಿಕೆ ಬಾಳಿನ ಒಂದು ಕ್ರಿಯೆಯಾಗಿತ್ತು, ಬಾಳಿನಿಂದ ಬಿಡಿಸಿ ಪರೀಕ್ಷಿಸುವ ಹೇಳಿಕೆಯಾಗಿರಲಿಲ್ಲ.