ಮರಳಿನ ಋಣ

ಮಲ್ಪೆಯಾಚೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಮೇಲೆ ನಡೆಯುವಾಗ ಯಾರಿಗೂ ಏನೂ ಬಾಕಿಯಿದೆ ಎನಿಸುವುದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಆರುತ್ತ, ಕುಗ್ಗಿ ಸೀಳಿ, ಐದಾರು ಮುಖದ ಕಂಬಗಳಾಯಿತು. ಅದಕ್ಕೆ ಯಾರನ್ನು ಹೊಣೆ ಮಾಡುವುದು?

ತಿರುವೊಟ್ಟಿಯೂರಿನ ದಡದ ಬಂಡೆಗಳ ಮೇಲಿನ ನಡಿಗೆ ಹಾಗಲ್ಲ. ಇವು ಕಡಲ್ಕೊರೆತ ತಡೆಯಲು ಲಾರಿಯಲ್ಲಿ ಬಂದು ಬಿದ್ದವು. ಉತ್ತರಕ್ಕೆ ಸಾಗುವ ಮರಳಿಗೆ ಚೆನ್ನೈ ಬಂದರಿನ ಗೋಡೆ ಅಡ್ಡವಾಯಿತು. ತೆಂಕಲಲ್ಲಿ ಮರೀನಾ ಅಗಲವಾಯಿತು, ಬಡಗಲಲ್ಲಿ ಈ ದಡ ಸವೆಯಿತು. ಬಂದರು ಕಟ್ಟಿದವರಿಗೆ ಆ ಉದ್ದೇಶವಿರಲಿಲ್ಲ, ಸರಿ. ನಮ್ಮ ಪ್ರಾಜೆಕ್ಟ್‌ಗಳಲ್ಲೂ ಇಂಥದ್ದನ್ನು ‘ಸೈಡ್ ಎಫೆಕ್ಟ್’ ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿ. ಉದ್ದೇಶವಿಲ್ಲದ ಕಡೆ ಋಣವೂ ಇಲ್ಲ ಎಂಬ ವಾದ ಲಾವಾಕ್ಕೆ ಒಪ್ಪೀತು. ಆದರೆ ಭಾನುವಾರ ಸಂಜೆ ಮರೀನಾದಲ್ಲಿ ಸುಂಡಲ್ ಮೆಲ್ಲುತ್ತ ಕೂರುವ ನನ್ನ ಕಾಲಡಿಯ ಮರಳಲ್ಲಿ ಇಲ್ಲಿನ ಮೀನುಗಾರರ ಅಂಗಳವೂ ಇದೆ. ಕದ್ದವನು ನಾನಲ್ಲ; ಅನುಭವಿಸುತ್ತಿರುವವನಂತೂ ಹೌದು.

ಈ ಕಲ್ಲುಗಳದ್ದೂ ಅದೇ ಕಥೆ. ಇಲ್ಲಿ ಮರಳು ಹಿಡಿದಷ್ಟೂ ಕೊರೆತ ಎಣ್ಣೂರಿನತ್ತ ಸರಿಯುತ್ತದೆ. ಅಲ್ಲಿಯೂ ಈಗ ಕಲ್ಲು ಸುರಿದಿದ್ದಾರೆ.