ಮನೆಯಲ್ಲಿ ಆರೈಕೆ: ತೀರ್ಮಾನ ಯಾರದು, ದುಡಿಮೆ ಯಾರದು

ಪಾರ್ಶ್ವವಾಯುವಿಗೆ ತುತ್ತಾದ, ಸೊಂಟದ ಮೂಳೆ ಮುರಿದುಕೊಂಡ ಅಥವಾ ಮರೆಗುಳಿತನ ಆವರಿಸಿದ ಹಿರಿಯರನ್ನು ಮನೆಯಲ್ಲಿಯೇ ನೋಡಿಕೊಳ್ಳಬೇಕೆ, ಅದಕ್ಕೆ ಹೊರಗಿನವರ ನೆರವು ಪಡೆಯಬೇಕೆ ಎಂಬ ಪ್ರಶ್ನೆ ಅನೇಕ ಕುಟುಂಬಗಳಿಗೆ ಎದುರಾಗುವುದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಹಿಂದಿನ ದಿನ. ಬಿಲ್ಲಿನ ಚಿಂತೆ, ನಿದ್ದೆಗೆಟ್ಟ ದಣಿವು, ನೋಡಲು ಬಂದ ನೆಂಟರ ಸಲಹೆ ಇವುಗಳ ನಡುವೆ ನಡೆಯುವ ಆ ಚರ್ಚೆಯಲ್ಲಿ ಹೆತ್ತವರ ಋಣ ಮತ್ತು ನಾಲ್ಕು ಜನರ ಮಾತು ಮುಂದೆ ನಿಲ್ಲುತ್ತವೆಯೇ ಹೊರತು, ರೋಗಿಗೆ ಯಾವ ಹೊತ್ತಿನಲ್ಲಿ ಯಾವ ಕೆಲಸಕ್ಕೆ ಯಾರ ಕೈ ಬೇಕು ಎಂಬ ಲೆಕ್ಕ ಹಿಂದೆಯೇ ಉಳಿಯುತ್ತದೆ. ಈ ಲೆಕ್ಕವನ್ನು ಮೊದಲು ಬರೆದಿಟ್ಟು ಋಣದ ಮಾತನ್ನು ಆಮೇಲೆ ಎತ್ತುವ ಶಿಸ್ತು ಬಂದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಗೃಹ ಆರೈಕೆಯಲ್ಲಿ ಸ್ವಭಾವದಿಂದಲೇ ಬೇರೆಯಾದ ಎರಡು ಕೆಲಸಗಳಿವೆ. ಗಾಯಕ್ಕೆ ಪಟ್ಟಿ ಕಟ್ಟುವುದು, ಚುಚ್ಚುಮದ್ದು ಕೊಡುವುದು, ಮೂತ್ರ ಹೋಗಲು ಹಾಕಿದ ಕ್ಯಾಥೆಟರ್ ಬದಲಿಸುವುದು, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬನ್ನು ನೋಡಿಕೊಳ್ಳುವುದು ಶುಶ್ರೂಷೆ. ಅದು ನರ್ಸಿಂಗ್ ಕಲಿತು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದವರ ಕೆಲಸ. ಸ್ನಾನ ಮಾಡಿಸುವುದು, ಉಣಿಸುವುದು, ಹಿಡಿದು ನಡೆಸುವುದು ದಿನನಿತ್ಯದ ನೆರವು. ಅದಕ್ಕೆ ತರಬೇತಿ ಪಡೆದ, ತಾಳ್ಮೆಯುಳ್ಳ ಸಹಾಯಕರು ಸಾಕು. ಈ ಭೇದ ತಿಳಿಯದ ಮನೆಯವರು ಬೇಡದ ಕಡೆ ದುಬಾರಿ ನರ್ಸನ್ನು ನೇಮಿಸುತ್ತಾರೆ, ಇಲ್ಲವೇ ಟ್ಯೂಬ್ ಜಾರಿದ್ದನ್ನು ಗುರುತಿಸಲಾರದವರ ಕೈಗೆ ರೋಗಿಯನ್ನು ಒಪ್ಪಿಸುತ್ತಾರೆ. ಎರಡನೆಯದು ಜೀವಕ್ಕೆ ಅಪಾಯ. ನೋಂದಣಿ ಪತ್ರ ತೋರಿಸಿ ಎಂದು ಏಜೆನ್ಸಿಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ನೆರವು ಎಷ್ಟು ಬೇಕೆಂಬುದನ್ನು ರೋಗದ ಹೆಸರು ಹೇಳುವುದಿಲ್ಲ, ರೋಗಿಯ ದಿನಚರಿ ಹೇಳುತ್ತದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ ಅಳತೆಗೋಲು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಬಾಬತ್ತುಗಳನ್ನು ಮಾತ್ರ ನೋಡುತ್ತದೆ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ರೂಪಿಸಿದ ಇನ್ನೊಂದು ಅಳತೆಗೋಲು ಅಡುಗೆ, ಹಣಕಾಸು, ಮಾತ್ರೆ ತೆಗೆದುಕೊಳ್ಳುವುದು, ಫೋನ್ ಬಳಸುವುದು ಮುಂತಾದ, ಹೆಚ್ಚು ಬುದ್ಧಿ ಬೇಡುವ ಕೆಲಸಗಳನ್ನು ಸೇರಿಸಿತು. ಎರಡನೆಯ ಬಗೆಯವು ಮಾತ್ರ ತಪ್ಪುತ್ತಿದ್ದರೆ ದಿನಕ್ಕೆ ಕೆಲವು ತಾಸಿನ ನೆರವಿನಿಂದ ಮನೆ ನಡೆಯಬಹುದು. ಮೊದಲ ಬಗೆಯವೂ ಕೈಬಿಟ್ಟಿದ್ದರೆ ಹಗಲು ರಾತ್ರಿಯ ವ್ಯವಸ್ಥೆಯನ್ನೇ ಯೋಚಿಸಬೇಕಾಗುತ್ತದೆ. ವೈದ್ಯರ ಎದುರು ಹಿರಿಯರು ಮೈಯೆಲ್ಲ ಬಿಗಿಹಿಡಿದು ನಾಲ್ಕು ಹೆಜ್ಜೆ ನಡೆದು ತೋರಿಸುವುದು ಸಾಮಾನ್ಯವಾದ್ದರಿಂದ, ಒಂದು ವಾರ ಮನೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದಿಡುವುದು ಆ ಪರೀಕ್ಷೆಗಿಂತ ನಂಬಲರ್ಹ.

ರೋಗಿಯನ್ನು ಅಳೆದಷ್ಟು ಜಾಗ್ರತೆಯಿಂದ ಆರೈಕೆ ಮಾಡುವವರನ್ನು ಯಾರೂ ಅಳೆಯುವುದಿಲ್ಲ. ಹೊರಳಲಾರದ ರೋಗಿಗೆ ಬೆನ್ನಹುಣ್ಣು ಆಗದಂತೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಡಿಸ್ಚಾರ್ಜ್ ಹೊತ್ತಿನಲ್ಲಿ ಹೇಳಿ ಕಳುಹಿಸುತ್ತಾರೆ. ಆ ಒಂದು ವಾಕ್ಯಕ್ಕೆ ಯಾರೋ ಒಬ್ಬರು ರಾತ್ರಿಯಿಡೀ ಸರಿಯಾಗಿ ನಿದ್ದೆ ಮಾಡುವಂತಿಲ್ಲ ಎಂಬ ಅರ್ಥವೂ ಇದೆ. ಆ ಒಬ್ಬರು ಹೆಚ್ಚಿನ ಮನೆಗಳಲ್ಲಿ ಹೆಂಡತಿ, ಸೊಸೆ ಅಥವಾ ಮದುವೆಯಾಗದ ಮಗಳು. ಆದರೆ ‘ಅಪ್ಪ ಮನೆಯಲ್ಲೇ ಇರಲಿ’ ಎಂಬ ತೀರ್ಮಾನ ಗಂಡುಮಕ್ಕಳದು, ಕೆಲವೊಮ್ಮೆ ಅಮೆರಿಕದಿಂದಲೋ ದುಬೈನಿಂದಲೋ ವಿಡಿಯೊ ಕರೆಯಲ್ಲಿ ಬರುವಂಥದು. ಹಣ ಕಳಿಸುವವರ ಮಾತಿಗೆ ಬೆಲೆಯಿಲ್ಲವೆಂದಲ್ಲ. ಆದರೆ ರಾತ್ರಿ ಏಳುವವರ ಮಾತಿಗೆ ಅದಕ್ಕಿಂತ ಹೆಚ್ಚಿನ ತೂಕ ಸಲ್ಲಬೇಕು. ಮನೆಯ ಸಭೆಯಲ್ಲಿ ಅವರನ್ನೇ ಮೊದಲು ಮಾತನಾಡಿಸುವುದು, ‘ನನ್ನಿಂದ ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ’ ಎಂದು ಅವರು ಹೇಳಿದರೆ ಅದನ್ನು ಅಕ್ಕರೆಯ ಕೊರತೆ ಎಂದು ತಿಳಿಯದಿರುವುದು ಕುಟುಂಬವೊಂದು ಕಲಿಯಬೇಕಾದ ನಡತೆ. ಇಂಥ ಹೊರೆಯನ್ನು ಪ್ರಶ್ನಾವಳಿಯಿಂದ ಅಳೆಯುವ ಕ್ರಮವನ್ನು ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು 1980ರಲ್ಲಿಯೇ ರೂಪಿಸಿದ್ದರು. ಆರೈಕೆ ಮಾಡುವವರ ಕುಸಿತವೂ ವೈದ್ಯಕೀಯ ಸಂಗತಿಯೇ ಎಂಬುದಕ್ಕೆ ಅಷ್ಟು ಸಾಕ್ಷ್ಯ ಸಾಕು.

ಮನೆಯ ಕಟ್ಟಡವೂ ಈ ತೀರ್ಮಾನದಲ್ಲಿ ಪಾಲುದಾರ. ಬಚ್ಚಲಿನ ಹೊಸ್ತಿಲು, ಕುಕ್ಕರಗಾಲಿನಲ್ಲಿ ಕೂರಬೇಕಾದ ಕಕ್ಕಸು, ಗಾಲಿಕುರ್ಚಿ ನುಗ್ಗದ ಬಾಗಿಲು ಇವನ್ನು ಮೊದಲೇ ನೋಡಬೇಕು. ಆಮ್ಲಜನಕದ ಯಂತ್ರ ಬೇಕಾದವರಿಗೆ ಕರೆಂಟು ಹೋದಾಗಿನ ವ್ಯವಸ್ಥೆ ಇರಲೇಬೇಕು. ಹಣದ ವಿಷಯದಲ್ಲಿ, ಮನೆಯ ಆರೈಕೆಯ ಖರ್ಚನ್ನೂ ಸರ್ಕಾರ ಭರಿಸುತ್ತದೆ ಎಂಬ ತಪ್ಪು ನಂಬಿಕೆಯಿದೆ. 2024ರಲ್ಲಿ 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತ್ ಯೋಜನೆಯ 5 ಲಕ್ಷ ರೂಪಾಯಿ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು, ಮನೆಯ ಸಹಾಯಕಿಯ ತಿಂಗಳ ಸಂಬಳ ಅದರಿಂದ ಬರುವುದಿಲ್ಲ.

ರೋಗಿಯ ಇಚ್ಛೆಯನ್ನು ಕೇಳಲು ಮರೆತೇಹೋಗುವುದು ಸಾಮಾನ್ಯ. ಮಾತು ನಿಂತಿದ್ದರೂ ಅರಿವು ಇರುವವರು ಅನೇಕರಿದ್ದಾರೆ; ತಮ್ಮ ಮೈ ತೊಳೆಯಲು ಸೊಸೆಗಿಂತ ಸಂಬಳದ ಅಪರಿಚಿತೆಯೇ ವಾಸಿ ಎಂದುಕೊಳ್ಳುವ ಮಾವಂದಿರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಾಸಿಯಾಗದ ಕಾಯಿಲೆಯಲ್ಲಿ ನೋವು ತಗ್ಗಿಸುವುದನ್ನೇ ಗುರಿಯಾಗಿಟ್ಟುಕೊಂಡ ಚಿಕಿತ್ಸೆಗೆ ಉಪಶಾಮಕ ಆರೈಕೆ ಎನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಉಲ್ಬಣಗೊಂಡ ಕ್ಯಾನ್ಸರಿನ ರೋಗಿಗಳಿಗೆ ಅದನ್ನು ಉಚಿತವಾಗಿ, ಮನೆಗೇ ಬಂದು ನೀಡುತ್ತಿರುವುದರಿಂದ, ಕೊನೆಯ ದಿನಗಳನ್ನು ಮನೆಯಲ್ಲಿ ಕಳೆಯುವ ಆಸೆ ಈಡೇರಲಾರದ್ದೇನೂ ಅಲ್ಲ.

ಯಾವ ತೀರ್ಮಾನವಾದರೂ ಅದಕ್ಕೆ ಅವಧಿ ಇಡುವುದು ಒಳ್ಳೆಯದು. ತಿಂಗಳಿಗೊಮ್ಮೆ ಮನೆಯವರೆಲ್ಲ ಕುಳಿತು ಬರೆದಿಟ್ಟ ಪುಸ್ತಕವನ್ನು ನೋಡಿದರೆ, ಮತ್ತೆ ಮತ್ತೆ ಬೀಳುವುದು, ವಾಸಿಯಾಗದ ಬೆನ್ನಹುಣ್ಣು, ರಾತ್ರಿ ಬಾಗಿಲು ತೆರೆದು ಹೊರನಡೆಯುವುದು, ಆರೈಕೆ ಮಾಡುವವರ ಸಿಟ್ಟು ರೋಗಿಯ ಮೇಲೆ ಒರಟುತನವಾಗಿ ಹೊಮ್ಮುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದಾಗ ಹೆಚ್ಚಿನ ನೆರವನ್ನೋ ಆರೈಕೆ ಕೇಂದ್ರವನ್ನೋ ಹುಡುಕಲು ಯಾರೂ ಯಾರಿಗೂ ಸಮಜಾಯಿಷಿ ಕೊಡಬೇಕಾಗಿ ಬರುವುದಿಲ್ಲ.