ತಡಮೆ ಇದ್ದ ಜಾಗ

ವಾಮಂಜೂರಿನಲ್ಲಿ ಬೆಳಿಗ್ಗೆ ನಡೆಯಲು ಹೊರಟರೆ ಎದುರು ಸಿಕ್ಕವರು ಕೇಳುವುದು ಒಂದೇ ಪ್ರಶ್ನೆ: "ಓಡೆ ಪಿದಾಡಿನಿ?" ಎಲ್ಲಿಗೆ ಹೊರಟದ್ದು ಎಂದು. ಹಾಲಿಗೆ, ಬ್ಯಾಂಕಿಗೆ, ದೇವಸ್ಥಾನಕ್ಕೆ ಎಂದರೆ ಸರಿ. "ಸುಮ್ಮನೆ, ಗುಡ್ಡೆಗೊಂದು ಸುತ್ತು ಹಾಕಿ ಮನೆಗೇ ವಾಪಸು" ಎಂದರೆ ಕೇಳಿದವರ ಮುಖದಲ್ಲಿ ಸಣ್ಣದೊಂದು ಅನುಮಾನ ಸುಳಿಯುತ್ತದೆ. ಸಕ್ಕರೆ ಕಾಯಿಲೆ ಉಂಟು ಎಂದು ಸೇರಿಸಿದರೆ ಮಾತ್ರ ಸಮಾಧಾನ. ಹೊರಟಲ್ಲಿಗೇ ಮರಳುವ ನಡಿಗೆಗೆ ನಮ್ಮಲ್ಲಿ ಒಂದೋ ಪ್ರದಕ್ಷಿಣೆ ಎಂಬ ಹೆಸರಿರಬೇಕು, ಇಲ್ಲವೇ ಡಾಕ್ಟರರ ಚೀಟಿ ಇರಬೇಕು.

ಮಗಳು ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದಾಳೆ. ಎರಡು ವರ್ಷಗಳ ಹಿಂದೆ ಹೋಗಿದ್ದಾಗ ನನ್ನನ್ನು ಬಸ್ಸಿನಲ್ಲಿ ಕ್ಯಾಸಲ್‌ಟನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಮಾಮ್ ಟಾರ್ ಎಂಬ 517 ಮೀಟರ್ ಎತ್ತರದ ಗುಡ್ಡ ಹತ್ತಿ, ದಿಣ್ಣೆಯ ನೆತ್ತಿಯಲ್ಲೇ ನಡೆದು, ಹಾಲಿನ್ಸ್ ಕ್ರಾಸ್ ಎಂಬಲ್ಲಿ ಇಳಿದು ಮತ್ತೆ ಅದೇ ಹಳ್ಳಿಗೆ ಬರುವ ದಾರಿ. ದೃಶ್ಯ ಚೆನ್ನಾಗಿತ್ತು, ಅದನ್ನು ವರ್ಣಿಸಲು ಹೋಗುವುದಿಲ್ಲ. ನನಗೆ ಗಾಬರಿಯಾದದ್ದು ದಾರಿ ಯಾರದೋ ಹೊಲದ ಒಳಗೇ ಹೋಗುತ್ತಿದ್ದದ್ದು. ಸುತ್ತ ಕುರಿಗಳು. ಆಚೆ ಒಬ್ಬ ರೈತ ಬೇಲಿ ಸರಿ ಮಾಡುತ್ತಿದ್ದ. ನಾನು ಕಳ್ಳನ ಹಾಗೆ ತಲೆ ತಗ್ಗಿಸಿದೆ. ಅವನು ಕೈ ಎತ್ತಿ ನಮಸ್ಕಾರದಂಥದ್ದೊಂದು ಮಾಡಿ ಮತ್ತೆ ಕೆಲಸಕ್ಕೆ ತೊಡಗಿದ.

"ಅಪ್ಪ, ಇದು ಸಾರ್ವಜನಿಕ ಕಾಲುದಾರಿ. ಜಾಗ ಅವರದೇ, ಆದರೆ ದಾರಿ ಮುಚ್ಚುವ ಹಾಗಿಲ್ಲ" ಅಂದಳು ಮಗಳು.

ಬೇಲಿಯ ಹತ್ತಿರ ಬಂದಾಗ ನಿಂತುಬಿಟ್ಟೆ. ಎದುರಿಗಿದ್ದದ್ದು ತಡಮೆ! ನಮ್ಮ ಕಡೆಯ ತೋಟಗಳಿಗೆ ದನ ನುಗ್ಗದಂತೆ, ಮನುಷ್ಯರು ಮಾತ್ರ ಕಾಲೆತ್ತಿ ದಾಟುವಂತೆ ಎರಡು ಮೆಟ್ಟಿಲು ಮತ್ತು ಅಡ್ಡ ಮರ ಇಟ್ಟು ಮಾಡುತ್ತಿದ್ದರಲ್ಲ, ಅದೇ. ಅವರು ಅದಕ್ಕೆ ಸ್ಟೈಲ್ ಅನ್ನುತ್ತಾರೆ. ಇದು ನನ್ನ ಜಾಗ, ನೀನು ಹೋಗು ಎಂಬ ಎರಡು ಮಾತನ್ನೂ ಒಟ್ಟಿಗೆ ಹೇಳುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ.

ಆ ಹಕ್ಕು ಅಲ್ಲಿ ಪುಕ್ಕಟೆ ಬಂದದ್ದಲ್ಲ. ಆ ದಿಣ್ಣೆಯಿಂದ ಉತ್ತರಕ್ಕೆ ಕಾಣುವ ಕಿಂಡರ್ ಸ್ಕೌಟ್ ಗುಡ್ಡವನ್ನು ಶ್ರೀಮಂತರು ಹಕ್ಕಿ ಬೇಟೆಗೆಂದು ಕಾವಲಿಟ್ಟು ಮುಚ್ಚಿದ್ದರು. 1932ರ ಏಪ್ರಿಲ್ 24ರಂದು ನೂರಾರು ಕೆಲಸಗಾರರು ಬೇಕೆಂದೇ ಅದನ್ನು ಹತ್ತಿದರು. ಐವರು ಯುವಕರು ಜೈಲಿಗೆ ಹೋದರು. ಅಂಥ ಬೀಳು ಗುಡ್ಡಗಳಲ್ಲಿ ತಿರುಗಾಡುವ ಹಕ್ಕಿಗೆ ಕಾನೂನು ಬಂದದ್ದು 2000ದಲ್ಲಿ. ಹಾಲಿನ್ಸ್ ಕ್ರಾಸಿನ ದಾರಿಯಲ್ಲಿ ಹಿಂದೆ ಈಡೇಲ್ ಕಣಿವೆಯವರು ಹೆಣ ಹೊತ್ತು ಹೋಪ್ ಊರಿನ ಚರ್ಚಿಗೆ ಹೋಗುತ್ತಿದ್ದರಂತೆ. ಅಗತ್ಯಕ್ಕೆ ಸವೆದ ದಾರಿಯಲ್ಲಿ ಈಗ ನಮ್ಮಂಥವರು ಸುಮ್ಮನೆ ನಡೆಯುತ್ತೇವೆ. ಅಲ್ಲಿನ ಕಾನೂನು ಎಲ್ಲಿಗೆ ಹೊರಟದ್ದು ಎಂದು ಕೇಳುವುದಿಲ್ಲ.

ಊರಿಗೆ ಬಂದ ಮೇಲೆ ನನ್ನ ಬಾಲ್ಯದ ಸುತ್ತನ್ನು ಒಮ್ಮೆ ಹಾಕಬೇಕೆನಿಸಿತು. ಮನೆಯಿಂದ ಹೊರಟು, ಮುಳಿಹುಲ್ಲಿನ ಪದವು ಹತ್ತಿ, ಗುರುಪುರ ಹೊಳೆಯ ಕಡೆಯ ಇಳಿಜಾರು ನೋಡಿ, ಗದ್ದೆಯ ಹುಣಿಯಲ್ಲಿ ನಡೆದು, ನಮ್ಮ ತೋಟದ ಹಿಂದಿನಿಂದ ಮನೆಗೆ. ರಜೆಯಲ್ಲಿ ಗೇರುಬೀಜ ಹೆಕ್ಕಲು, ಕುಂಟಾಲ ಹಣ್ಣು ತಿನ್ನಲು ಹೋಗುತ್ತಿದ್ದ ದಾರಿ ಅದು. ಹುಲಿಗಳು ನೀರು ಕುಡಿಯುತ್ತಿದ್ದವೆಂದು ಹೇಳುವ ಪಿಲಿಕುಳದ ಸುತ್ತ ಈಗ ನಿಸರ್ಗಧಾಮವಿದೆ, ಟಿಕೆಟ್ ಪಡೆದು ಹೋಗಬಹುದು. ಮಿಕ್ಕ ಕಡೆ ಲೇಔಟು, ಗೇಟು. ಹೇಗೋ ಬಳಸಿಕೊಂಡು ಗದ್ದೆಯವರೆಗೆ ಬಂದೆ. ಹುಣಿಯ ಕೊನೆಯಲ್ಲಿ ಆರಡಿ ಎತ್ತರದ ಕೆಂಪುಕಲ್ಲಿನ ಪಾಗಾರ. ಮೇಲೆ ಗಾಜಿನ ಚೂರು. ನಾನೇ ಕಟ್ಟಿಸಿದ್ದು. ನನ್ನ ಮನೆಯ ಹಂಚು ಅಲ್ಲೇ ಕಾಣುತ್ತಿತ್ತು, ಒಳಗೆ ಹೋಗಲು ದಾರಿಯಿರಲಿಲ್ಲ. ಹೆದ್ದಾರಿಗೆ ಬಂದು, ಲಾರಿಗಳ ಧೂಳು ಕುಡಿದು, ಸುತ್ತಿ ಮನೆ ಸೇರಿದೆ.

ಅದೇ ಬಳಸುದಾರಿಯಲ್ಲಿ ಏಳು ವರ್ಷಗಳಿಂದ ಒಬ್ಬ ಹೆಂಗಸು ನಡೆಯುತ್ತಿದ್ದಾರೆ. ಗದ್ದೆಯಾಚೆ ಮನೆ, ಬೀಡಿ ಕಟ್ಟುತ್ತಾರೆ, ವಯಸ್ಸು ಎಪ್ಪತ್ತರ ಹತ್ತಿರ. ಮೊದಲು ನಮ್ಮ ತಡಮೆ ದಾಟಿ ತೋಟದ ನಡುವೆ ಐದು ನಿಮಿಷದಲ್ಲಿ ಬೀಡಿ ಬ್ರಾಂಚಿಗೆ ಹೋಗುತ್ತಿದ್ದರು. ಅಡಿಕೆ ಕಳುವಾಯಿತು, ಯಾರೋ ಹುಡುಗರು ಬೈಕು ನುಗ್ಗಿಸಿದರು ಎಂದು ನಾನು ಪಾಗಾರ ಹಾಕಿಸಿದೆ. ಆಗ ಅವರು ಅಂದದ್ದಿಷ್ಟೆ: "ನಿಮ್ಮ ಜಾಗ ಅಲ್ವಾ ಅಣ್ಣೇರೆ."

ಕಟ್ಟುವ ಮೊದಲು ಒಬ್ಬ ವಕೀಲರನ್ನು ಕೇಳಿದ್ದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ತಮ್ಮ ಮನೆಗೋ ಹೊಲಕ್ಕೋ ಹೋಗಲು ಇನ್ನೊಬ್ಬರ ಜಾಗದಲ್ಲಿ ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂಬಂತೆ ನಡೆದರೆ ಆ ದಾರಿ ಹಕ್ಕಾಗುತ್ತದೆ. ಅವರು ನಡೆದದ್ದು ನಲವತ್ತು ವರ್ಷ. "ನಿಮ್ಮ ತಂದೆಯವರು ಅನುಮತಿ ಕೊಟ್ಟಿದ್ದರಾ?" ಎಂದು ವಕೀಲರು ಕೇಳಿದರು. ಕೊಟ್ಟಿದ್ದರು. ಹೊಸದಾಗಿ ಮದುವೆಯಾಗಿ ಬಂದ ಆಕೆ ಅಂಗಳದಲ್ಲಿ ನಿಂತು ಕೇಳಿದ್ದು, ಅಪ್ಪ ಜಗಲಿಯಿಂದಲೇ "ಹೋಗು ಮಾರಾಯ್ತಿ, ಅದಕ್ಕೆ ಕೇಳುವುದೇನು" ಅಂದದ್ದು ನನಗೇ ನೆನಪಿದೆ. "ಹಾಗಾದರೆ ತೊಂದರೆಯಿಲ್ಲ. ಅನುಮತಿಯಿಂದ ನಡೆದವರಿಗೆ ಹಕ್ಕು ಹುಟ್ಟುವುದಿಲ್ಲ" ಎಂದರು ವಕೀಲರು.

ಅಂದು ನನಗೆ ನಿರಾಳವಾಗಿತ್ತು. ಪಾಗಾರದ ಹೊರಗೆ ನಿಂತ ಮೇಲೆ ಆ ಮಾತು ಬೇರೆ ಥರ ಕೇಳಿಸತೊಡಗಿತು. ಕೇಳದೆ ನುಗ್ಗಿದವನಿಗೆ ಇಪ್ಪತ್ತು ವರ್ಷದಲ್ಲಿ ಹಕ್ಕು. ಮರ್ಯಾದೆಯಿಂದ ಕೇಳಿ ನಡೆದವಳಿಗೆ ನಲವತ್ತು ವರ್ಷವಾದರೂ ಇಲ್ಲ. ಕಾನೂನಿಗೂ ತನ್ನದೇ ನ್ಯಾಯವಿದೆ, ಒಪ್ಪುತ್ತೇನೆ. ಒಳ್ಳೆಯ ಮಾತಿನಿಂದ ದಾರಿ ಬಿಟ್ಟವನ ಜಾಗವನ್ನೇ ಕಿತ್ತುಕೊಂಡರೆ ಮುಂದೆ ಯಾರೂ ದಾರಿ ಬಿಡಲಾರರು. ಇಂಗ್ಲೆಂಡಿನಲ್ಲೂ ಅನುಮತಿಯ ದಾರಿ ಎಂದು ಬೋರ್ಡು ಹಾಕುವುದುಂಟು. ಆದರೆ ನಮ್ಮ ಮನೆಯಲ್ಲಿ ಆದದ್ದೇನು? ಅಪ್ಪನ ಒಳ್ಳೆಯತನವನ್ನು ಮಗ ಆಕೆಯ ವಿರುದ್ಧ ಸಾಕ್ಷಿಯಾಗಿ ಬಳಸಿದ.

ನನ್ನ ಜಾಗ ಎಂಬ ಮಾತಿನ ಬಲವೂ ನಾವು ಅಂದುಕೊಂಡಷ್ಟಿಲ್ಲ. 2019ರ ಆಗಸ್ಟಿನ ಮಳೆಗೆ ನಮ್ಮ ಪಕ್ಕದ ಪಚ್ಚನಾಡಿಯ ಕಸದ ಗುಡ್ಡೆ ಜರಿದು ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತು. ಹಲವು ಕುಟುಂಬಗಳು ಮನೆ ಬಿಟ್ಟವು. ಅವರ ಬಳಿಯೂ ಜಾಗದ ದಾಖಲೆಗಳಿದ್ದವು. ಇಡೀ ಮಂಗಳೂರಿನ ಕಸ, ಅದರಲ್ಲಿ ನನ್ನ ಮನೆಯದ್ದೂ ಇದ್ದೀತು, ಯಾರನ್ನೂ ಕೇಳದೆ ಅವರ ಅಂಗಳಕ್ಕೆ ಹೋಯಿತು. ಚೀಲ ಹಿಡಿದ ಹೆಂಗಸೊಬ್ಬರು ಮಾತ್ರ ನನ್ನನ್ನು ಕೇಳಿ ಹೋಗಬೇಕಿತ್ತು.

ಕಳೆದ ತಿಂಗಳು ಮೇಸ್ತ್ರಿಯನ್ನು ಕರೆಸಿದೆ. "ಎಷ್ಟು ಅಗಲ ಬಿಡುವುದು ಸಾರ್?" ಎಂದ. ಈಗ ದನಗಳಿಲ್ಲ, ಬೈಕುಗಳಿವೆ. ಚೀಲ ಹಿಡಿದ ಮನುಷ್ಯರು ಓರೆಯಾಗದೆ ದಾಟಬೇಕು, ಬೈಕಿನ ಹ್ಯಾಂಡಲು ಸಿಕ್ಕಿಕೊಳ್ಳಬೇಕು ಎಂದೆ. ಮುದಿ ಕಾಲಿಗೆ ಎತ್ತರ ಕಡಿಮೆಯಿರುವ ಎರಡು ಮೆಟ್ಟಿಲು. ಬೆಂಗಳೂರಿನ ಮಗ ಫೋನಿನಲ್ಲಿ, "ಬಿಡಿ ಅಪ್ಪ, ಆದರೆ 'ಖಾಸಗಿ ಜಾಗ, ಅನುಮತಿಯ ಮೇರೆಗೆ' ಎಂದು ಬೋರ್ಡು ಹಾಕಿ. ನಾಳೆ ಮಾರುವಾಗ ತೊಂದರೆ" ಅಂದ. ಅವನ ಮಾತು ಪೂರ್ತಿ ತಪ್ಪೆನ್ನಲಾರೆ, ಜಾಗ ಮುಂದೆ ಅವನದೇ. ಬೋರ್ಡು ಮಾತ್ರ ಬರೆಸಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಅಡಿಕೆ ಹೆಕ್ಕುತ್ತಿದ್ದೆ. ಆಕೆ ಹುಣಿಯ ಮೇಲೆ ಬಂದು, ಪಾಗಾರದ ಸಂದಿನ ಮುಂದೆ ನಿಂತರು. ಸಿಮೆಂಟು ಒಣಗಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿದರು. "ಇದರಲ್ಲಿ ಹೋಗಬಹುದಾ ಅಣ್ಣೇರೆ?"

ಹೋಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಓಡೆ ಪಿದಾಡಿನಿ ಅಕ್ಕ?" ಎಂದು ಕೇಳಿದೆ.

"ಬ್ರಾಂಚಿಗೆ" ಎಂದರು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ಮೆಟ್ಟಿಲಿಗೆ ಕಾಲಿಟ್ಟರು.